ಹೆಸರೆತ್ತಬಾರದ ಮಗಳು

ನಾನು ದಿನವೂ ಶಾಲೆಗೆ ಹೋಗುತ್ತಿದ್ದ ಬಸ್ಸಿನ ಡ್ರೈವರ್‌ಗೆ ನಾವೆಲ್ಲ ಸೇರಿ ಇಟ್ಟಿದ್ದ ಹೆಸರು ಸಂಪಾದಕರು. ಪೇಪರಿನಲ್ಲಿ ಬಂದ ಯಾವ ಸುದ್ದಿಯೂ ಅವರ ಅಭಿಪ್ರಾಯವಿಲ್ಲದೆ ಆ ಬಸ್ಸಿನಲ್ಲಿ ಮುಂದಿನ ಸ್ಟಾಪು ತಲುಪುತ್ತಿರಲಿಲ್ಲ. ಅವರ ಬೆನ್ನ ಹಿಂದಿನ ಸೀಟುಗಳಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು, ನಾನು, ಹೀಗೆ ಕೆಲವರು ಖಾಯಂ ಕೂರುತ್ತಿದ್ದೆವು. ಹತ್ತಿದ ಕೂಡಲೇ ಗುಮಾಸ್ತರು, ಇವತ್ತು ಸಂಪಾದಕರು ಏನಂತಾರೆ ಎಂದು ಕೆಣಕುವರು. ಅಷ್ಟು ಸಾಕು. ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗ್ ಮೇಲೆ, ಮಾತು ಮಾತ್ರ ನಮ್ಮ ಕಡೆಗೆ.

"ನೋಡಿ ಟೀಚರ್, ಪ್ರಶ್ನೆಪತ್ರಿಕೆ ಸೋರಿತಂತೆ. ನಲ್ಲಿ ಸೋರಿದ್ರೆ ಪ್ಲಂಬರ್ ಕರೀತೀವಿ. ಇದಕ್ಕೆ ಯಾರನ್ನ ಕರೆಯೋದು?"

ಎರಡನೇ ಕ್ಲಾಸಿನ ಮಗುವಿನ ಬ್ಯಾಗಿನ ಭಾರ, ಹವಾಮಾನದವರ ಸುಳ್ಳು, ರಾಜೀನಾಮೆ ಕೊಡುತ್ತೇನೆ ಎನ್ನುತ್ತಲೇ ಕುರ್ಚಿ ಬಿಡದ ಮಂತ್ರಿಗಳು, ಎಲ್ಲಕ್ಕೂ ಅವರಲ್ಲಿ ತೀರ್ಪು ಸಿದ್ಧವಾಗಿತ್ತು. ಮನೆಮಂದಿ ಒಟ್ಟಿಗೆ ಕೂತು ಉಣ್ಣದ ಮನೆಯನ್ನು ಅವರು ಮನೆ ಎಂದು ಒಪ್ಪುತ್ತಿರಲಿಲ್ಲ, ಲಾಡ್ಜು ಎನ್ನುತ್ತಿದ್ದರು. ಹೆಣ್ಣುಮಕ್ಕಳ ಓದಿನ ವಿಷಯ ಬಂದರಂತೂ ದನಿ ಏರುತ್ತಿತ್ತು. ಮಗಳನ್ನು ಸ್ಕೂಲು ಬಿಡಿಸಿದ ಅಪ್ಪನನ್ನು ತಮ್ಮ ಬಸ್ಸಿಗೇ ಹತ್ತಿಸಬಾರದು, ನಡೆದುಕೊಂಡೇ ಸಾಯಲಿ ಎನ್ನುವರು. ನಾನು ಸಂತೋಷದಿಂದ ತಲೆಯಾಡಿಸುತ್ತಿದ್ದೆ.

ಅವರ ಇಬ್ಬರು ಹೆಣ್ಣುಮಕ್ಕಳೂ ನಮ್ಮ ಶಾಲೆಯವರೇ. ಹೆಂಡತಿ ನಮ್ಮ ಮಕ್ಕಳ ಯೂನಿಫಾರ್ಮ್ ಹೊಲಿದುಕೊಡುತ್ತಿದ್ದರು. ಹಾಗಾಗಿ ಡಿಪೋದ ಹಿಂದಿದ್ದ ಅವರ ಕ್ವಾರ್ಟರ್ಸಿಗೆ ನಾನು ಆಗಾಗ ಹೋಗುತ್ತಿದ್ದೆ. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹೊಲಿಗೆ ಮಿಷಿನ್ನು. ಒಳಗಿನ ಕೋಣೆಯಲ್ಲಿ ಡ್ರೈವರ್ ಅವರ ವಿಧವೆ ಅಕ್ಕ, ಅಂದರೆ ಮಕ್ಕಳ ಅತ್ತೆ, ಇರುತ್ತಿದ್ದರು. ಚಿಕ್ಕಂದಿನಲ್ಲೇ ತಾಯಿ ಕಳಕೊಂಡ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಬಸ್ಸಿನಲ್ಲಿ ಯಾರ ಮಾತನ್ನೂ ಕೇಳದ ಸಂಪಾದಕರು ಮನೆಯಲ್ಲಿ ಅಕ್ಕ ಕೆಮ್ಮಿದರೆ ಬಾಯಿ ಮುಚ್ಚುತ್ತಿದ್ದರು.

ಬೆಳಗಿನ ಹೊತ್ತು ಆ ಮನೆಯಲ್ಲಿ ಒಂದು ಸಣ್ಣ ಶಾಸನಸಭೆಯೇ ಸೇರುತ್ತಿತ್ತು. ಅಪ್ಪ ಟೀ ಲೋಟ ಹಿಡಿದು ಹೆಡ್‌ಲೈನ್ ಗಟ್ಟಿಯಾಗಿ ಓದುವರು, ತೀರ್ಪು ಕೊಡುವರು. ಮರುಕ್ಷಣವೇ ಹಿರಿಯ ಮಗಳು ಜಡೆ ಹೆಣೆದುಕೊಳ್ಳುತ್ತಲೇ ವಿರೋಧಿಸುವಳು. ಅವಳು ಅಪ್ಪನ ಪಡಿಯಚ್ಚು. ಅದೇ ಮೂಗು, ಅದೇ ಮೊಂಡು. ನೀವು ಪೂರ್ತಿ ಓದ್ಲೇ ಇಲ್ಲ ಅಪ್ಪ, ಎರಡನೇ ಪ್ಯಾರಾದಲ್ಲಿ ಬೇರೆ ಬರೆದಿದೆ ನೋಡಿ ಎನ್ನುವಳು. ಅವರು ಸೋತರೆ ಲೋಟ ಕೆಳಗಿಟ್ಟು ನಗುವರು. ಕೆಲವೊಮ್ಮೆ ಅವಳು ಸ್ನಾನಕ್ಕೆ ಹೋಗಿದ್ದರೆ ಹೆಡ್‌ಲೈನ್ ಓದದೆ ಕಾಯುತ್ತಿದ್ದರು ಎಂದು ತಾಯಿ ನನಗೆ ಹೇಳಿದ್ದುಂಟು. ತಾಯಿಗೆ ಸ್ವಂತ ಅಭಿಪ್ರಾಯವೆಂಬುದು ಇದ್ದಂತೆ ಕಾಣುತ್ತಿರಲಿಲ್ಲ. ಅಪ್ಪ ಮಗಳು ಇಬ್ಬರೂ ಸರಿ ಎನ್ನುತ್ತ ಮಿಷಿನ್ ತುಳಿಯುತ್ತಿದ್ದರು.

ಹಿರಿಯವಳು ಓದು ಮುಗಿಸಿ ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಅಲ್ಲಿ ಮಿಷಿನ್ ಓಡಿಸುವ ಹುಡುಗನೊಬ್ಬ ಅವಳಿಗೆ ಹಿಡಿಸಿದ. ಹುಡುಗ ಒಳ್ಳೆಯವನು, ಕುಡಿತವಿಲ್ಲ, ಕೆಟ್ಟ ಮಾತಿಲ್ಲ. ಆದರೆ ಇವರ ಪೈಕಿಯವನಲ್ಲ. ಅವಳು ಕದ್ದು ಹೋಗಲಿಲ್ಲ. ಒಂದು ಬೆಳಿಗ್ಗೆ ಅಪ್ಪನ ಎದುರು ಕೂತು, ಅವರು ಪೇಪರ್ ಮಡಿಸುವವರೆಗೆ ಕಾದು, ವಿಷಯ ಹೇಳಿದಳು. ಅಪ್ಪ ಮೊದಲು ಅದನ್ನೂ ಒಂದು ವಾದವೆಂದೇ ತಿಳಿದರು. ಇಬ್ಬರೂ ವಾದಿಸಿದರು. ಅವಳು ಗೆಲ್ಲುತ್ತಿದ್ದಳೋ ಏನೋ. ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಹೊರಗೆ ಬಂದು ನಿಂತರು. ವಾದ ಅಲ್ಲಿಗೆ ಮುಗಿಯಿತು.

ಕೆಲವು ತಿಂಗಳು ಅವಳು ಕಾದಳು. ಮನಸ್ಸು ಯಾರದೂ ಬದಲಾಗಲಿಲ್ಲ. ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಗಂಡನೊಂದಿಗೆ ನೇರ ಮನೆಯ ಬಾಗಿಲಿಗೇ ಬಂದಳು. ಅತ್ತೆ ಹೊಸ್ತಿಲಲ್ಲಿ ನಿಂತು, ನೀವು ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಬೈಯಲಿಲ್ಲ, ಕೂಗಾಡಲಿಲ್ಲ. ದಾರಿ ತಪ್ಪಿ ಬಂದ ಅಪರಿಚಿತರನ್ನು ಕೇಳುವ ಹಾಗೆ ಕೇಳಿ ಬಾಗಿಲು ಹಾಕಿಕೊಂಡರು.

ಓದುಗರೇ, ಇದು ಆ ಮನೆತನದ ಪದ್ಧತಿ. ಮನೆಯವರು ಒಪ್ಪದ ಕಡೆ ಹೋದ ಹೆಣ್ಣಿನ ಹೆಸರನ್ನು ಆಮೇಲೆ ಯಾರೂ ಎತ್ತಕೂಡದು. ಅವಳ ಹೆರಿಗೆಗೆ ಹೋಗಕೂಡದು, ಕಾಯಿಲೆಗೆ ಹೋಗಕೂಡದು. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಅವಳನ್ನು ಬಿಟ್ಟು ಲೆಕ್ಕ ಹೇಳಬೇಕು. ಸತ್ತವರಿಗಾದರೂ ಅಳುವವರಿರುತ್ತಾರೆ, ಹೆಸರು ಹಿಡಿದು ನೆನೆಯುವವರಿರುತ್ತಾರೆ. ಇವಳಿಗೆ ಅದೂ ಇಲ್ಲ. ಹೊಡೆತವಿಲ್ಲ, ರಕ್ತವಿಲ್ಲ, ಆದ್ದರಿಂದ ಇದನ್ನು ಕ್ರೌರ್ಯ ಎಂದು ಯಾರೂ ಕರೆಯುವುದಿಲ್ಲ. ಮರ್ಯಾದೆ ಎಂದು ಕರೆಯುತ್ತಾರೆ.

ತಾಯಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಊಟಕ್ಕೆ ಕರೆಯುವುದು. ಮಕ್ಕಳು ಹುಟ್ಟಿದಾಗಿನಿಂದ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ, ಒಂದೇ ಹೆಸರೇನೋ ಎಂಬಂತೆ ಕೂಗಿ ರೂಢಿ. ಈಗ ತಟ್ಟೆ ಹಾಕಿ ಬಾಯಿ ತೆರೆದರೆ ದೊಡ್ಡವಳ ಹೆಸರಿನ ಮೊದಲ ಅಕ್ಷರವೇ ನಾಲಿಗೆಗೆ ಬರುವುದು. ಅಷ್ಟಕ್ಕೇ ನಿಲ್ಲಿಸಿ ಕೆಮ್ಮುವರು. ಕೊನೆಗೆ ಚಿಕ್ಕವಳನ್ನೂ ಹೆಸರಿನಿಂದ ಕರೆಯುವುದು ಬಿಟ್ಟು, ಮರೀ ಎನ್ನತೊಡಗಿದರು. ಅಪ್ಪ ಎಂದಿನಂತೆ ಹೆಡ್‌ಲೈನ್ ಓದುವರು, ತೀರ್ಪು ಕೊಡುವರು. ಆಮೇಲೆ ಅಭ್ಯಾಸಬಲದಿಂದ ಒಂದು ಕ್ಷಣ ಸುಮ್ಮನಾಗುವರು. ಯಾರೂ ಎದುರಾಡುವುದಿಲ್ಲ. ಪುಟ ತಿರುಗಿಸುವರು. ಇದನ್ನೆಲ್ಲ ಚಿಕ್ಕವಳೇ ನನಗೆ ಹೇಳಿದಳು.

ಬಸ್ಸಿನಲ್ಲೂ ಅವರ ಅಭಿಪ್ರಾಯಗಳು ಬದಲಾದವು. ಓದಿದ ಹೆಣ್ಣುಮಕ್ಕಳಿಗೆ ತಲೆ ತಿರುಗುತ್ತದೆ ಎಂದರು. ಹೆಣ್ಣು ಕಾಣೆಯಾದ ಸುದ್ದಿಯೊಂದು ಬಂದರೆ, ಕಾಲೇಜಿಗೆ ಕಳಿಸಿದವರ ತಪ್ಪು ಎಂದರು. ಗುಮಾಸ್ತರು ಕೆಣಕುವುದನ್ನು ಬಿಟ್ಟರು. ಚಿಕ್ಕವಳ ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ ನಾನು ಡ್ರೈವರ್ ಹಿಂದೆಯೇ ಕೂತು, ನಿಮ್ಮ ಮಗಳು ಇಡೀ ಶಾಲೆಗೇ ಮೊದಲು ಎಂದೆ. ಸಂತೋಷ ಟೀಚರ್, ಆದರೆ ಇಷ್ಟಕ್ಕೇ ಸಾಕು ಎಂದರು. ಅವರ ಅಕ್ಕ ಒಂದು ಸಂಬಂಧ ನೋಡಿದ್ದಾರಂತೆ. ವಯಸ್ಸು ತುಂಬುವವರೆಗೆ ಮಾತು ಆಡಿಟ್ಟುಕೊಳ್ಳುವುದು, ಅಲ್ಲಿಯವರೆಗೆ ಹುಡುಗಿ ಮನೆಯಲ್ಲಿರುವುದು.

"ಒಬ್ಬಳನ್ನ ಓದಿಸಿ ನೋಡಿದ್ದಾಯ್ತಲ್ಲ ಟೀಚರ್," ಎಂದರು. ಹೇಳಿದ ಮೇಲೆ ಬಾಯಿತಪ್ಪಿ ಬಂದದ್ದು ಗೊತ್ತಾಗಿ ಹಾರ್ನ್ ಒತ್ತಿದರು. ಮುಂದೆ ರಸ್ತೆ ಖಾಲಿಯಿತ್ತು.

ನಾನು ಬಿಡಲಿಲ್ಲ. "ಓದಿದ್ದರಿಂದಲೇ ಅವಳು ನಿಮ್ಮ ಎದುರು ಕೂತು ಹೇಳಿದ್ದು. ಓದಿರದಿದ್ದರೆ ಹೇಳದೆ ಹೋಗ್ತಿದ್ದಳು. ಹೇಳಿದ್ದಕ್ಕೆ ನೀವು ಶಿಕ್ಷೆ ಕೊಟ್ಟಿರಿ. ಈಗ ಚಿಕ್ಕವಳು ಏನು ಕಲಿತಿರ್ತಾಳೆ ಹೇಳಿ? ಮನಸ್ಸಲ್ಲಿ ಇದ್ದದ್ದನ್ನ ಅಪ್ಪನಿಗೆ ಹೇಳಬಾರದು ಅಂತ ತಾನೆ?"

ನನ್ನ ಸ್ಟಾಪು ಬಂದಿತ್ತು. ನಾನು ಇಳಿಯುವಾಗ ಅವರು, ಮನೆ ವಿಷಯ ಬಸ್ಸಲ್ಲಿ ಬೇಡ ಟೀಚರ್ ಎಂದಷ್ಟೇ ಮೆಲ್ಲಗೆ ಹೇಳಿದರು.

ಆಗ ಆ ಬಸ್ಸಿನ ಕೊನೆಯ ಸೀಟಿನಲ್ಲಿ ನಡೆಯುತ್ತಿದ್ದದ್ದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಂಡಕ್ಟರಮ್ಮನಿಗೆ ಒಬ್ಬರಿಗೇ. ಡ್ರೈವರ್ ಅವರೊಂದಿಗೆ ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ದುಡಿದ ಹೆಂಗಸು. ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಸ್ಸು ಖಾಲಿ ಖಾಲಿ. ಒಂದು ದಿನ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನ ಮೂಲೆಗೆ ಕೂತವಳು ಡ್ರೈವರ್ ಹಿರಿಯ ಮಗಳೇ ಎಂದು ಅವರಿಗೆ ಗೊತ್ತಾಯಿತು. ಎಲ್ಲಿಗೆ ಎಂದು ಕೇಳಿದರೆ ಕೊನೆಯ ಸ್ಟಾಪಿಗೆ ಎಂದಳು. ಕೊನೆಯ ಸ್ಟಾಪು ಬಂದಾಗ ಇಳಿಯಲಿಲ್ಲ. ವಾಪಸು ಟಿಕೆಟ್ ಕೊಡಿ ಎಂದಳು. ಪ್ರೆಸ್ಸಿಗೆ ರಜೆ ಇದ್ದ ದಿನಗಳಲ್ಲೆಲ್ಲ ಹೀಗೇ ಬರತೊಡಗಿದಳು. ಕಂಡಕ್ಟರಮ್ಮ ಒಮ್ಮೆ ಪಕ್ಕದಲ್ಲಿ ಕೂತು, ಸುಮ್ಮನೆ ಯಾಕಮ್ಮ ಹೀಗೆ ಸುತ್ತುತ್ತೀಯ ಎಂದು ಕೇಳಿದರು.

"ಅಪ್ಪನ ಮಾತು ಕೇಳ್ಬೇಕು ಅನಿಸುತ್ತೆ ಅಕ್ಕ. ಮನೇಲಿ ಪೇಪರ್ ತರಿಸ್ತೀವಿ. ಓದಿದ್ರೆ ಒಂದೂ ರುಚಿ ಇರಲ್ಲ."

ಡ್ರೈವರ್ ತಲೆಯ ಮೇಲಿದ್ದ ಕನ್ನಡಿಯಲ್ಲಿ ಕೊನೆಯ ಸೀಟಿನವರೆಗೂ ಕಾಣುತ್ತದೆ. ಅವರು ನೋಡಿದರೋ ಇಲ್ಲವೋ ಕಂಡಕ್ಟರಮ್ಮನಿಗೆ ಮೊದಲಿಗೆ ತಿಳಿಯಲಿಲ್ಲ. ಆದರೆ ಆ ದಿನಗಳಲ್ಲಿ ಅವರ ದನಿ ಬೇರೆಯಾಗಿರುತ್ತಿತ್ತು. ಮುಂದಿನ ಸೀಟಿನಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ ಸುದ್ದಿ ಹೇಳುವರು. ಹೇಳಿ, ಒಂದು ಕ್ಷಣ ನಿಲ್ಲಿಸುವರು. ಹಿಂದಿನ ಮೂಲೆಯಲ್ಲಿ ಹುಡುಗಿಯ ತುಟಿ ಅಲ್ಲಾಡುವುದು. ಅಷ್ಟು ದೂರದಿಂದ ಆಡಿದ ಉತ್ತರ ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅವರು ಮುಂದಿನ ಸುದ್ದಿಗೆ ಹೋಗುವರು. ಅಪ್ಪ ಮಗಳು ಹೀಗೆ ಒಂದೇ ಬಸ್ಸಿನಲ್ಲಿ ಊರು ಸುತ್ತುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇವೆಂದು ಒಪ್ಪಿಕೊಳ್ಳುವ ಹಾಗಿರಲಿಲ್ಲ.

ಆಮೇಲೆ ಅವಳು ಬಸುರಿಯಾದಳು. ಕಂಡಕ್ಟರಮ್ಮ ಅವಳ ಕೈಹಿಡಿದು ಸೀಟಿಗೆ ಕೂರಿಸುವರು. ಹೊಟ್ಟೆ ತುಂಬ ದೊಡ್ಡದಾದ ಹೊತ್ತಿಗೆ ಬರುವುದು ನಿಂತಿತು. ಹೆರಿಗೆಗೆ ಹತ್ತಿರವಾಗಿರಬೇಕು ಎಂದುಕೊಂಡರು. ಬಹಳ ದಿನದ ಮೇಲೆ ಅವಳು ಮತ್ತೆ ಹಿಂದಿನ ಬಾಗಿಲಿನಿಂದ ಹತ್ತಿದಾಗ ಕೈಯಲ್ಲಿ ಮಗುವಿರಲಿಲ್ಲ. ಮುಖ ಬತ್ತಿಹೋಗಿತ್ತು. ಕಂಡಕ್ಟರಮ್ಮ ಟಿಕೆಟ್ ಕೊಡುವುದನ್ನೂ ಮರೆತು ಪಕ್ಕದಲ್ಲಿ ಕೂತರು.

ಅವಳು ಹೇಳಿದ್ದು ಇಷ್ಟು. ಎಂಟನೇ ತಿಂಗಳಲ್ಲಿ ಕಾಲು ಊದಿತು, ತಲೆ ಸಿಡಿಯುತ್ತಿತ್ತು. ಬಸುರಿಗೆ ಇದೆಲ್ಲ ಇರುವುದೇ, ಇಲ್ಲವೇ, ಎಂದು ಕೇಳಲು ಹತ್ತಿರ ಯಾರೂ ಇರಲಿಲ್ಲ. ಗಂಡನಿಗೆ ತಾಯಿಯಿಲ್ಲ. ಮನೆಗೆ ಫೋನ್ ಮಾಡಿದಳು. ಎತ್ತಿದವರಿಗೆ, ಅಮ್ಮ ಇದ್ದಾರಾ ಎಂದಳು. ರಾಂಗ್ ನಂಬರ್ ಎಂದು ಇಟ್ಟರು. ಇನ್ನೊಮ್ಮೆ ಮಾಡಲು ಮನಸ್ಸು ಬರಲಿಲ್ಲ. ಇದು ಎಲ್ಲರಿಗೂ ಆಗುವುದೇ ಇರಬೇಕು ಎಂದು ಸುಮ್ಮನಿದ್ದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಗಂಡು ಮಗು. ಅವಳು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಅದು ಹೋಯಿತು.

ತಾಯಿ ಜೊತೆಗಿದ್ದಿದ್ದರೆ ಆ ಮಗು ಉಳಿಯುತ್ತಿತ್ತು ಎಂದು ನಾನು ಆಣೆ ಮಾಡಲಾರೆ. ಆದರೆ ಎರಡು ಮಕ್ಕಳನ್ನು ಹೆತ್ತ ಹೆಂಗಸು ಆ ಕಾಲು ನೋಡಿದ್ದರೆ ಒಂದು ಗಂಟೆಯೂ ತಡಮಾಡುತ್ತಿರಲಿಲ್ಲ ಎಂಬುದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಕಂಡಕ್ಟರಮ್ಮ ಆ ದಿನ ಟ್ರಿಪ್ಪು ಮುಗಿದ ಮೇಲೆ ಡಿಪೋದ ಕ್ಯಾಂಟೀನಿನಲ್ಲಿ ಡ್ರೈವರ್ ಎದುರು ಕೂತು ಎಲ್ಲವನ್ನೂ ಹೇಳಿದರು. ಅವರು ಟೀ ಕುಡಿದು ಮುಗಿಸಿದರು. ಯಾರ ವಿಷಯ ಹೇಳ್ತಿದ್ದೀರಿ ಕಂಡಕ್ಟರಮ್ಮ, ನನಗಿರೋದು ಒಬ್ಬಳೇ ಮಗಳು, ಅವಳಿಗೆ ಇನ್ನೂ ಮದುವೆಯಾಗಿಲ್ಲ ಎಂದರು. ಅಂದಿನಿಂದ ಅವರ ಬಸ್ಸಿನಲ್ಲಿ ಸುದ್ದಿ ನಿಂತುಹೋಯಿತು. ಸಂಪಾದಕರಿಗೆ ಏನಾಗಿದೆ ಎಂದು ನಾವು ನಾವೇ ಮಾತಾಡಿಕೊಂಡೆವು. ಕೊನೆಯ ಸೀಟಿನಲ್ಲಿ ಅವಳು ಬಂದು ಕೂರುತ್ತಲೇ ಇದ್ದಳು. ಕೇಳಲು ಇಂಜಿನ್ ಸದ್ದೊಂದೇ ಇತ್ತು.

ತಿಂಗಳುಗಳು ಕಳೆದವು. ಅವಳು ಮತ್ತೆ ಗರ್ಭಿಣಿ ಎಂದು ತಿಳಿದ ದಿನ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಡ್ಯೂಟಿ ಮುಗಿಸಿ, ಹರಿದ ಬ್ಯಾಗಿಗೆ ಹೊಲಿಗೆ ಹಾಕಿಸುವ ನೆಪ ಮಾಡಿಕೊಂಡು ಆ ತಾಯಿಯ ಬಳಿಗೆ ಹೋದರು. ಮಿಷಿನ್ನಿನ ಪಕ್ಕ ಕೂತು, ದನಿ ತಗ್ಗಿಸಿ, ಸತ್ತ ಮಗುವಿನ ಸುದ್ದಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ತಾಯಿ ಅಳಲಿಲ್ಲವಂತೆ. ಹೊಲಿಯುತ್ತಿದ್ದ ಚಡ್ಡಿಯ ದಾರ ಕತ್ತರಿಸಿ, ಮಡಿಸಿಟ್ಟು, ಫೋನ್ ಎತ್ತಿದ್ದು ಯಾರು ಎಂದು ಹೇಳಿದ್ದಾಳಾ ಎಂದು ಮಾತ್ರ ಕೇಳಿದರು. ಯಾರೆಂದು ಹೇಳಲಿಲ್ಲ, ಹೆಂಗಸು ಅಂದಳಷ್ಟೇ ಎಂದರು ಕಂಡಕ್ಟರಮ್ಮ.

ಆ ಸಂಜೆ ನಾನು, ಹತ್ತನೇ ಕ್ಲಾಸಿನ ನಂತರ ಮನೆಯಲ್ಲೇ ಉಳಿದಿದ್ದ ಚಿಕ್ಕವಳ ಕಾಲೇಜಿನ ವಿಷಯ ಕೊನೆಯ ಬಾರಿ ಕೇಳಿ ನೋಡೋಣವೆಂದು ಅವರ ಮನೆಗೆ ಹೋಗಿದ್ದೆ. ಡ್ರೈವರ್ ಕ್ಯಾಂಟೀನಿನಲ್ಲಿ ಟೀ ಮುಗಿಸಿ ಆಗಷ್ಟೇ ಬಂದು ಕೂತಿದ್ದರು. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಾಯಿ ಅಡುಗೆಮನೆಯಿಂದ ಬಂದು ಗಂಡನ ಎದುರು ನಿಂತರು.

"ಮಗು ಹೋಗಿದ್ದು ನಿಮಗೆ ಗೊತ್ತಿತ್ತಾ?"

ಅವರು ನೆಲ ನೋಡಿದರು. ಗೊತ್ತಿತ್ತು ಎಂದರು.

"ಫೋನ್ ಎತ್ತಿದ್ದು ನೀವಾ ಅತ್ತಿಗೆ?"

"ನಾನೇ," ಎಂದರು ಅತ್ತೆ. ಚಾಕು ನಿಲ್ಲಲಿಲ್ಲ. "ರಾಂಗ್ ನಂಬರ್ ಅಂದೆ. ಮನೆತನ ಅಂದ್ಮೇಲೆ ಯಾರಾದ್ರೂ ಒಬ್ಬರು ಗಟ್ಟಿ ಇರ್ಬೇಕು. ನಿಂಗೆ ಕೊಟ್ಟಿದ್ರೆ ನೀನು ಓಡ್ತಿದ್ದೆ. ನಾಳೆ ಈ ಚಿಕ್ಕವಳನ್ನ ಯಾರು ಕೇಳ್ಕೊಂಡು ಬರ್ತಿದ್ರು?"

ಸತ್ತದ್ದು ನಿಮ್ಮ ತಮ್ಮನ ಮೊಮ್ಮಗ ಎಂದು ನಾನು ನಡುವೆ ಬಾಯಿ ಹಾಕಿದೆ. ಅತ್ತೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಪಾಠ ಹೇಳುವವರ ಹಾಗೆ ಹೇಳಿದರು:

"ನೀವು ಓದಿದೋರು ಟೀಚರ್. ನಿಮಗೆ ಇದೆಲ್ಲ ತಪ್ಪಾಗಿ ಕಾಣುತ್ತೆ. ನನ್ನ ತಂಗೀನೂ ಹಿಂಗೇ ಹೋದಳು. ನಮ್ಮಪ್ಪ ಅವಳ ಹೆಸರು ಎತ್ತಬೇಡಿ ಅಂದ್ರು, ಎತ್ತಲಿಲ್ಲ. ಅವಳು ಸತ್ತ ಸುದ್ದಿ ಬಂದಾಗ ನಾನು ಒಲೆ ಮುಂದಿದ್ದೆ. ಒಲೆ ಆರಿಸಲಿಲ್ಲ. ಅಡುಗೆ ಮುಗಿಸಿ ಎಲ್ಲರಿಗೂ ಬಡಿಸಿದೆ. ನಾನು ಬದುಕಿಲ್ವಾ?"

ಅದಕ್ಕೆ ಉತ್ತರ ಕೊಟ್ಟದ್ದು ತಾಯಿ.

"ಬದುಕಿದ್ದೀರಿ ಅತ್ತಿಗೆ. ಅವತ್ತು ನೀವು ಪಟ್ಟ ಸಂಕಟ ಸುಮ್ನೆ ಹೋಗಬಾರದು ಅಂತ ಇವತ್ತು ನನ್ನನ್ನೂ ಒಲೆ ಮುಂದೆ ಕೂರಿಸಿದ್ದೀರಿ. ನಾಳೆ ಚಿಕ್ಕವಳನ್ನ ಕೂರಿಸಬೇಕಲ್ಲ. ನನ್ನ ಕೈಲಿ ಆಗಲ್ಲ. ನಾನು ಅಡುಗೆ ಮುಗಿಸಿ ಬಡಿಸಲ್ಲ."

ನೆಂಟರು ಏನಂತಾರೆ ಗೊತ್ತಾ ಎಂದು ಡ್ರೈವರ್ ಕ್ಷೀಣವಾಗಿ ಕೇಳಿದರು. ಮಗು ಮಣ್ಣು ಸೇರಿದಾಗ ಯಾವ ನೆಂಟರು ಬಂದಿದ್ದರು ಎಂದು ಆಕೆ ತಿರುಗಿ ಕೇಳಿದರು. ಬಾಗಿಲ ಹಿಂದೆ ಚಿಕ್ಕವಳು ನಿಂತಿದ್ದಳು. ಆಗ ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಬೆರಗಿತ್ತು. ಅಮ್ಮನಿಗೆ ಇಷ್ಟು ಮಾತು ಗೊತ್ತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಪ್ರೆಸ್ಸಿನ ರಜೆಯ ದಿನ ಮಧ್ಯಾಹ್ನ ತಾಯಿ ಡಿಪೋದ ಗೇಟಿನ ಬಳಿಯಿಂದಲೇ ಬಸ್ಸು ಹತ್ತಿದರು. ಜೊತೆಗೆ ಚಿಕ್ಕವಳು, ಅವಳ ಕೈಯಲ್ಲೊಂದು ಬಟ್ಟೆಯ ಚೀಲ. ಶಾಲೆಗೂ ರಜೆಯಿತ್ತು. ಆಕೆ ಕೇಳಿಕೊಂಡಿದ್ದರಿಂದ ನಾನೂ ಜೊತೆಗಿದ್ದೆ. ಡ್ರೈವರ್ ಒಮ್ಮೆ ಹಿಂತಿರುಗಿ ನೋಡಿ ಗಾಡಿ ಹೊರಡಿಸಿದರು. ನಾಲ್ಕಾರು ಸ್ಟಾಪು ದಾಟಿದ ಮೇಲೆ ಹಿಂದಿನ ಬಾಗಿಲಿನಿಂದ ಹಿರಿಯವಳು ಹತ್ತಿದಳು. ಮುಂದಿನ ಸೀಟುಗಳ ಕಡೆ ಕಣ್ಣೆತ್ತಿಯೂ ನೋಡದೆ ತನ್ನ ಮೂಲೆಗೆ ಹೋಗಿ ಕೂತಳು.

ತಾಯಿ ಎದ್ದರು. ಓಡುವ ಬಸ್ಸಿನಲ್ಲಿ ಕಂಬಿ ಕಂಬಿ ಹಿಡಿದುಕೊಂಡು ಹಿಂದಕ್ಕೆ ನಡೆದರು. ಮಗಳ ಪಕ್ಕ ಕೂತರು. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ತಾಯಿ ಬಗ್ಗಿ ಮಗಳ ಕಾಲಿನ ಚಪ್ಪಲಿ ಬಿಡಿಸಿ, ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಈ ಕಾಲಿಗೂ ಆ ಕಾಲಿಗೂ. ಊತವಿಲ್ಲ ಎಂದು ಗೊತ್ತಾದ ಮೇಲೇ ಆಕೆಯ ಕಣ್ಣಲ್ಲಿ ನೀರು ಬಂದದ್ದು. ಚಿಕ್ಕವಳು ಅಕ್ಕನ ಇನ್ನೊಂದು ಬದಿಗೆ ಒತ್ತಿಕೊಂಡು ಕೂತಳು. ಕಂಡಕ್ಟರಮ್ಮ ಬೇರೆ ಕಡೆ ಮುಖ ಮಾಡಿ ಚಿಲ್ಲರೆ ಎಣಿಸುವ ಹಾಗೆ ನಟಿಸುತ್ತಿದ್ದರು.

ಮಗಳು ಇಳಿಯುವ ಸ್ಟಾಪು ಬಂದಿತು. ಮೂವರೂ ಎದ್ದರು. ತಾಯಿ ಹಿಂದಿನ ಬಾಗಿಲಿನಿಂದ ಇಳಿಯಲಿಲ್ಲ. ಮಗಳ ಕೈಹಿಡಿದು, ಇಡೀ ಬಸ್ಸನ್ನು ದಾಟಿ, ಮುಂದಿನ ಬಾಗಿಲಿಗೆ ಬಂದು ಗಂಡನ ಸೀಟಿನ ಪಕ್ಕ ನಿಂತರು. ಮಾತು ತಡವರಿಸಲಿಲ್ಲ.

"ಹೆರಿಗೆ ಆಗೋವರೆಗೆ ನಾನು ಇವಳ ಮನೇಲಿರ್ತೀನಿ. ಚಿಕ್ಕವಳು ಕಾಲೇಜಿಗೆ ಸೇರ್ತಾಳೆ, ನಾನೇ ಸಹಿ ಹಾಕ್ತೀನಿ. ಆ ಸಂಬಂಧದವರಿಗೆ ಬೇಡ ಅಂತ ಹೇಳಿಬಿಡಿ. ನೀವು ಹೇಳ್ದೇ ಇದ್ರೆ ನಾನೇ ಹೋಗಿ ಹೇಳ್ತೀನಿ. ಯಾರಾದ್ರೂ ಕೇಳಿದ್ರೆ ನನಗೆ ಇಬ್ಬರು ಮಕ್ಕಳು ಅಂತಾನೇ ಹೇಳೋದು."

ಡ್ರೈವರ್ ಸ್ಟೀರಿಂಗನ್ನು ಎರಡು ಕೈಯಿಂದ ಹಿಡಿದು ಎದುರಿನ ಗಾಜನ್ನು ನೋಡುತ್ತಿದ್ದರು. ಹಿರಿಯವಳು ಅವರನ್ನೇ ನೋಡುತ್ತಿದ್ದಳು. ಇಷ್ಟು ಹತ್ತಿರದಿಂದ ಅಪ್ಪನನ್ನು ನೋಡಿ ಅವಳಿಗೆ ಎಷ್ಟು ಕಾಲವಾಗಿತ್ತೋ. ಆಮೇಲೆ ಮೂವರೂ ಇಳಿದರು. ಬಸ್ಸು ಹೊರಡಲಿಲ್ಲ. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಯಾರೋ ಪ್ರಯಾಣಿಕ, ಏನಾಯ್ತು ಡ್ರೈವರ್ ಎಂದ. ಆ ಮೂವರು ಗಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವರು ಗೇರ್ ಹಾಕಲಿಲ್ಲ.

ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣುಮಗು. ತಾಯಿ ತಿಂಗಳುಗಟ್ಟಲೆ ಅಲ್ಲೇ ಇದ್ದರು. ಪ್ರೆಸ್ಸಿನ ಹಿಂದಿನ ಓಣಿಯ ಆ ಒಂದೇ ಕೋಣೆಯ ಮನೆಯಲ್ಲಿ, ಅಳಿಯ ಹೊರಜಗುಲಿಯಲ್ಲಿ ಮಲಗಿ ಅವರಿಗೆ ಜಾಗ ಬಿಟ್ಟುಕೊಟ್ಟಿದ್ದ. ಚಿಕ್ಕವಳು ಅಪ್ಪನ ಮನೆಯಿಂದಲೇ ಕಾಲೇಜಿಗೆ ಹೋಗಿಬರುತ್ತ ಸಂಜೆ ಅಕ್ಕನ ಮನೆ ಹಾಯ್ದು ಬರುತ್ತಿದ್ದಳು. ಅಪ್ಪ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸಂಬಂಧದವರು ತಾವಾಗಿಯೇ ಹಿಂದೆ ಸರಿದರು. ಕೆಲವು ನೆಂಟರು ಮಾತು ಬಿಟ್ಟದ್ದೂ ನಿಜ. ಅದರಿಂದ ಆ ಮನೆಯ ಒಲೆಯೇನೂ ಆರಲಿಲ್ಲ.

ಇದನ್ನು ಓದುತ್ತಿರುವವರ ಪೈಕಿ ಯಾರ ಮನೆಯಲ್ಲಾದರೂ ಎತ್ತಬಾರದ ಹೆಸರೊಂದು ಇದ್ದರೆ, ಅವರಲ್ಲಿ ನನ್ನದೊಂದು ಬೇಡಿಕೆ. ಆ ಹೆಸರನ್ನು ಎತ್ತುವ ಮೊದಲಿಗರು ನೀವಾಗಿ. ಗಂಡಸರು ಎತ್ತಲಿ, ಹಿರಿಯರು ಎತ್ತಲಿ ಎಂದು ಕಾಯಬೇಡಿ. ಕಾಯುತ್ತ ಕೂತ ಮನೆಯಲ್ಲಿ ಒಂದು ಮಗು ಹೋಯಿತು.

ಮಗುವಿಗೆ ಕತ್ತು ನಿಂತ ಮೇಲೆ ತಾಯಿ ಮನೆಗೆ ಮರಳಿದರು. ಆ ಸಂಜೆಯದನ್ನು ಆಕೆಯೇ ನನಗೆ ಹೇಳಿದ್ದು. ಡ್ರೈವರ್ ಡ್ಯೂಟಿ ಮುಗಿಸಿ ಬಂದು ಅವರನ್ನು ಕಂಡು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತರಂತೆ. ಒಳಗೆ ಬಂದು ಕೂತರು. ಟೀ ಕುಡಿದರು. ಲೋಟವನ್ನು ಅತ್ತ ಇತ್ತ ತಿರುಗಿಸಿದರು.

"ಹೇಗಿದ್ದಾಳೆ?"

"ಯಾರು?"

"ಯಾರು ಅಂದ್ರೆ. ಗೊತ್ತಿಲ್ವಾ ನಿಂಗೆ?"

"ನಂಗೆ ಗೊತ್ತು. ನೀವು ಹೆಸರು ಹೇಳಿ ಕೇಳಿ, ಆಮೇಲೆ ಹೇ‍ಳ್ತೀನಿ."

ಪ್ರಪಂಚದ ಯಾವ ವಿಷಯಕ್ಕೂ ಮಾತು ಹುಡುಕದ ಮನುಷ್ಯ ಒಂದು ಹೆಸರೆತ್ತಲು ತಡವರಿಸಿದರು. ಒಳಕೋಣೆಯಲ್ಲಿ ಅಕ್ಕ ಇದ್ದರು. ಅವರು ಎದ್ದು ಕೂತ ಸದ್ದು ಹೊರಗೆ ಕೇಳಿಸಿತು. ಡ್ರೈವರ್ ಆ ಬಾಗಿಲ ಕಡೆ ನೋಡಿದರು. ಕೆಮ್ಮು ಬರುತ್ತದೆಂದು ಕಾದರೋ ಏನೋ. ಬರಲಿಲ್ಲ. ಮೊದಲ ಸಲ ಅವರ ತುಟಿ ಮಾತ್ರ ಅಲ್ಲಾಡಿತು, ಸ್ವರ ಹೊರಡಲಿಲ್ಲ. ಎರಡನೇ ಸಲ ಮಗಳ ಹೆಸರು ಒಡೆದ ದನಿಯಲ್ಲಿ, ಆದರೆ ಪೂರ್ತಿಯಾಗಿ, ಒಳಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಬಂದಿತು. ಹೇಳಿ, ಅಂಗೈಯಿಂದ ಮುಖ ಮುಚ್ಚಿಕೊಂಡರು.

ಹೇಳಬೇಕೆಂದು ತಾಯಿ ಎಷ್ಟೋ ಕೂಡಿಟ್ಟುಕೊಂಡು ಬಂದಿದ್ದರು. ಮಗುವಿನ ಮೂಗು ಯಾರ ಹಾಗಿದೆ, ಅಳಿಯ ಎಂಥವನು, ಅವಳು ಈಗಲೂ ಪೇಪರನ್ನು ಎಷ್ಟು ಗಟ್ಟಿಯಾಗಿ ಓದುತ್ತಾಳೆ. ಒಂದೂ ಹೇಳಲಿಲ್ಲ. ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. ಡ್ರೈವರ್ ಖಾಕಿ ಬಟ್ಟೆಯನ್ನೂ ಬದಲಿಸದೆ ಹಿಂದೆ ಹೊರಟರು. ಮೆಟ್ಟಿಲಿಳಿಯುವಾಗ, "ಇಷ್ಟು ಹೊತ್ತಿಗೆ ಅವಳ ಊಟ ಆಗಿರುತ್ತಾ?" ಎಂದು ಕೇಳಿದರು.

"ಅದನ್ನ ಅವಳನ್ನೇ ಕೇಳಿ," ಎಂದರಂತೆ ಆಕೆ.